ಸಾಲ ಇತ್ಯರ್ಥ ಕಂಪನಿಯ ಸೇವೆ: 14 ತಿಂಗಳ ಅನುಭವ

ಅಮೆರಿಕದಲ್ಲಿ ನಾಲ್ಕು ಕ್ರೆಡಿಟ್ ಕಾರ್ಡ್‌ಗಳ ಬಾಕಿ ಕೈಮೀರಿದಾಗ ನಾನು ಒಂದು ಡೆಟ್ ಸೆಟ್ಲ್‌ಮೆಂಟ್ ಕಂಪನಿಯಲ್ಲಿ ಹೆಸರು ನೋಂದಾಯಿಸಿ, 14 ತಿಂಗಳು ಅದರ ಗ್ರಾಹಕನಾಗಿದ್ದೆ. ಆ ಸೇವೆಗೆ ಐದರಲ್ಲಿ ಒಂದು ನಕ್ಷತ್ರವನ್ನಷ್ಟೇ ಕೊಡುತ್ತಿದ್ದೇನೆ.

ಬ್ಯಾಂಕುಗಳಿಗೆ ಕಂತು ಕಟ್ಟುವುದನ್ನು ನಿಲ್ಲಿಸಿ ಆ ಹಣವನ್ನು ನಮ್ಮದೇ ಹೆಸರಿನ ಪ್ರತ್ಯೇಕ ಖಾತೆಗೆ ಹಾಕುತ್ತ ಹೋದರೆ, ಮೊತ್ತ ಕೂಡಿದ ಮೇಲೆ ಕಂಪನಿಯವರು ಬ್ಯಾಂಕಿನೊಡನೆ ಮಾತಾಡಿ ಬಾಕಿಗಿಂತ ಕಡಿಮೆಗೆ ಸಾಲ ಚುಕ್ತಾ ಮಾಡಿಸುತ್ತಾರೆ ಎಂಬುದು ಯೋಜನೆ. ಅಲ್ಲಿಯವರೆಗೆ ಬಡ್ಡಿ ಮತ್ತು ದಂಡ ಏರುತ್ತಲೇ ಇರುತ್ತವೆ. ಮಾತುಕತೆಗೆ ಒಪ್ಪಲೇಬೇಕೆಂಬ ಕಟ್ಟುಪಾಡು ಬ್ಯಾಂಕಿಗಿಲ್ಲ. ದಾವೆ ಹೂಡದಂತೆ ಅದನ್ನು ತಡೆಯುವ ಅಧಿಕಾರ ಕಂಪನಿಗೂ ಇಲ್ಲ. ಈ ಎರಡನೆಯ ಮಾತನ್ನು ಸೇರುವ ದಿನ ಯಾರೂ ನನಗೆ ಬಿಡಿಸಿ ಹೇಳಲಿಲ್ಲ.

ಒಂಬತ್ತನೆಯ ತಿಂಗಳಲ್ಲಿ ಮನೆ ಬಾಗಿಲಿಗೆ ಕೋರ್ಟಿನ ಸಮನ್ಸ್ ಬಂತು. ಫೋನ್ ಮಾಡಿದರೆ, "ಪ್ರತಿಯನ್ನು ಅಪ್‌ಲೋಡ್ ಮಾಡಿ, ನಾವು ನೋಡಿಕೊಳ್ಳುತ್ತೇವೆ" ಎಂಬ ಸೌಮ್ಯವಾದ ಉತ್ತರ ಸಿಕ್ಕಿತು. ಅದನ್ನು ನಂಬಿ ನಾನು ಕೋರ್ಟಿಗೆ ಉತ್ತರ ಸಲ್ಲಿಸಲಿಲ್ಲ. ಕೋರ್ಟಿನಲ್ಲಿ ಗ್ರಾಹಕನ ಪರ ನಿಲ್ಲುವುದು ತಮ್ಮ ಸೇವೆಯಲ್ಲ ಎಂದು ಒಪ್ಪಂದದ ಹನ್ನೊಂದನೆಯ ಪುಟದಲ್ಲಿ ಬರೆದದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಏಕಪಕ್ಷೀಯ ತೀರ್ಪು ಹೊರಬಿದ್ದು, ಸಂಬಳದ ಚೀಟಿಯಲ್ಲಿ ಹಣ ಕಡಿತವಾದ ಜಪ್ತಿಯ ಹೊಸ ಸಾಲೊಂದು ಕಾಣಿಸಿಕೊಂಡಿತ್ತು.

ಕಂಪನಿ ಏನನ್ನೂ ಮಾಡಲಿಲ್ಲ ಎನ್ನಲಾರೆ. ಒಂದು ಕಾರ್ಡಿನ ಸಾಲವನ್ನು ಇತ್ಯರ್ಥಪಡಿಸಿತು. ಅದಕ್ಕೆ ಆ ಸಾಲದ ನೋಂದಾಯಿತ ಮೊತ್ತದ, ಅಂದರೆ ಸೇರುವಾಗ ಇದ್ದ ಬಾಕಿಯ, ಶೇ. 25ರಷ್ಟು ಶುಲ್ಕ ಪಡೆಯಿತು. ಮುಂದಿನ ವರ್ಷ ಬ್ಯಾಂಕಿನಿಂದ 1099-ಸಿ ನಮೂನೆಯೂ ಬಂತು: 600 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಸಾಲ ಮನ್ನಾ ಆದರೆ ಆ ಮೊತ್ತ ತೆರಿಗೆ ಇಲಾಖೆಗೆ ವರದಿಯಾಗುತ್ತದೆ, ವಿನಾಯಿತಿಗೆ ಅರ್ಹರಲ್ಲದವರು ಅದನ್ನು ಆದಾಯವೆಂದು ತೋರಿಸಬೇಕಾಗುತ್ತದೆ. ಕೈಯಲ್ಲಿ ಕಾಸಿಲ್ಲದವನಿಗೆ ಅದು ಆದಾಯವೆಂದು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಕೊನೆಗೆ ವಕೀಲರೊಬ್ಬರು ಚಾಪ್ಟರ್ 13ರ (ಕಂತುಗಳಲ್ಲಿ ಸಾಲ ತೀರಿಸಲು ಅವಕಾಶ ಕೊಡುವ, ಅಮೆರಿಕದ ದಿವಾಳಿ ಕಾನೂನಿನ ಅಧ್ಯಾಯ) ಅಡಿ ದಿವಾಳಿ ಅರ್ಜಿ ಹಾಕಿಸಿದರು. ಅರ್ಜಿ ದಾಖಲಾದ ಕ್ಷಣದಿಂದಲೇ ದಿವಾಳಿ ಸಂಹಿತೆಯ 362ನೆಯ ಸೆಕ್ಷನ್‌ನಂತೆ ತಡೆ ತಾನಾಗಿಯೇ ಜಾರಿಗೆ ಬರುತ್ತದೆ. ದಾವೆ, ಜಪ್ತಿ, ವಸೂಲಿ ಕರೆ ಎಲ್ಲವೂ ನಿಲ್ಲಬೇಕು. ಮುಂದಿನ ಸಂಬಳದ ಚೀಟಿಯಲ್ಲಿ ಜಪ್ತಿಯ ಆ ಸಾಲು ಇರಲಿಲ್ಲ. ಈ ದಾರಿಯೂ ಸುಲಭದ್ದಲ್ಲ: ಅರ್ಜಿಗೆ ಮುಂಚಿನ 180 ದಿನಗಳೊಳಗೆ ಮಾನ್ಯತೆ ಪಡೆದ ಸಂಸ್ಥೆಯಿಂದ ಸಾಲ ಸಮಾಲೋಚನೆ ಪಡೆದಿರಬೇಕು, ಮೂರರಿಂದ ಐದು ವರ್ಷ ಕಂತು ಕಟ್ಟಬೇಕು, ಮಕ್ಕಳ ಜೀವನಾಂಶದ ಬಾಕಿ ಮನ್ನಾ ಆಗದು. ಆದರೂ ಇಲ್ಲಿ ನನಗೆ ರಕ್ಷಣೆ ಕೊಟ್ಟದ್ದು ಕಾನೂನು, ಕಂಪನಿಯಲ್ಲಿ ಇದ್ದದ್ದು ಬರೀ ಬಾಯಿಮಾತು.

ಆ ಒಂದು ನಕ್ಷತ್ರಕ್ಕೂ ಕಾರಣವಿದೆ. ಫೋನ್ ಮೂಲಕ ಮಾರುವ ಇಂಥ ಸೇವೆಗಳಿಗೆ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ನಿಯಮ ತಂದು, ಇತ್ಯರ್ಥವಾಗುವ ಮೊದಲೇ ಶುಲ್ಕ ವಸೂಲಿ ಮಾಡುವುದನ್ನು ನಿಷೇಧಿಸಿದೆ. ಗ್ರಾಹಕ ಹೊರಬಂದರೆ, ಕಂಪನಿ ಗಳಿಸಿದ ಶುಲ್ಕ ಕಳೆದು ಖಾತೆಯ ಹಣವನ್ನೆಲ್ಲ ಏಳು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ನಾನು ಲಿಖಿತವಾಗಿ ಕೇಳಿದ ಆರನೆಯ ದಿನ ಹಣ ಬಂತು. ದಿವಾಳಿ ಅರ್ಜಿಯ 313 ಡಾಲರ್ ಕೋರ್ಟ್ ಶುಲ್ಕವನ್ನು ಅದರಿಂದಲೇ ಕಟ್ಟಿದೆ.