ನೆರೆಮನೆಯವರ ಕೈತಪ್ಪಿನಿಂದ ಹಾನಿಯಾದರೆ: ಮಾತುಕತೆಯೋ, ಲೋಕ ಅದಾಲತ್ತೋ, ದಾವೆಯೋ?

ಕಲಬುರಗಿಯ ಹಳೇ ಓಣಿಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರುತ್ತದೆ. ಪಕ್ಕದ ಮಾಳಿಗೆಯ ಕೆಲಸದಲ್ಲಿ ಒಂದು ಶಹಾಬಾದ್ ಕಲ್ಲು ಜಾರಿ ನಿಮ್ಮ ನೀರಿನ ಟ್ಯಾಂಕ್ ಒಡೆಯಿತು ಅಂದುಕೊಳ್ಳಿ. ಯಾರೂ ಬೇಕಂತ ಮಾಡಿದ್ದಲ್ಲ.

ಮೊದಲು ಮಾತುಕತೆ. ಖರ್ಚಿಲ್ಲ, ಸಂಬಂಧವೂ ಉಳಿಯುತ್ತದೆ. “ಕಾಕಾ, ಇದಕ್ಕೇನು ಮಾಡೋಣ?” ಅಂತ ಕೇಳುವ ಮೊದಲು ಫೋಟೋ ತೆಗೆದುಕೊಳ್ಳಿ, ರಿಪೇರಿ ಖರ್ಚು ಬರೆಸಿಕೊಳ್ಳಿ. ಒಪ್ಪಿದ್ದನ್ನು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಮಾಡಿ. ಬರೀ ಬಾಯಿಮಾತಾದರೆ ಮುಂದೆ ಜಗಳ ಜಾಸ್ತಿ.

ಮಾತು ಮುರಿದರೆ ಲೋಕ ಅದಾಲತ್, ಅಂದರೆ ರಾಜಿ ಮಾಡಿಸುವ ಜನತಾ ನ್ಯಾಯಾಲಯ, ನನಗೆ ಎಲ್ಲಕ್ಕಿಂತ ಒಳ್ಳೆಯದು ಅನ್ನಿಸುತ್ತದೆ. ದಾವೆ ಹಾಕುವ ಮೊದಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಕೋರ್ಟ್ ಶುಲ್ಕವಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಅಲ್ಲಿನ ರಾಜಿಗೆ ಸಿವಿಲ್ ಕೋರ್ಟ್ ಡಿಕ್ರಿಯ (ತೀರ್ಪಿನ ಆದೇಶದ) ಬಲವಿದೆ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಪೂರ್ತಿ ಓದಿಯೇ ಸಹಿ ಹಾಕಿ. ಆದರೆ ಇಬ್ಬರೂ ಒಪ್ಪಲೇಬೇಕು. ನೆರೆಯವರು ಬರದಿದ್ದರೆ ತೀರ್ಪಿಲ್ಲ. ಮಾಹಿತಿಗೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಸಿವಿಲ್ ದಾವೆಯಲ್ಲಿ ಎದುರಿನವರ ಒಪ್ಪಿಗೆ ಬೇಕಿಲ್ಲ, ಅದೇ ಅದರ ಬಲ. ಆದರೆ ವಕೀಲರ ಫೀಸು, ವರ್ಷಗಟ್ಟಲೆ ಓಡಾಟ! ಒಂದು ಟ್ಯಾಂಕಿಗಾಗಿ ಬೇಡ. ಗೋಡೆಯೇ ಬಿರುಕುಬಿಟ್ಟು ಖರ್ಚು ದೊಡ್ಡದಾದರೆ ಯೋಚಿಸಿ. ಸಾಮಾನ್ಯವಾಗಿ ಹಾನಿಯಾದ 3 ವರ್ಷದೊಳಗೆ ದಾವೆ ಹಾಕಬೇಕು.

ಪೊಲೀಸ್ ಠಾಣೆಗೆ ಸುಮ್ನೆ ಓಡಬೇಡಿ. ಹಾನಿ ಮಾಡುವ ಉದ್ದೇಶವೋ ಅರಿವೋ ಇಲ್ಲದಿದ್ದರೆ ಆಸ್ತಿಹಾನಿಯ ಅಪರಾಧ ಆಗುವುದಿಲ್ಲ. ಬೆದರಿಕೆ, ಹೊಡೆದಾಟ ಆದರೆ ಮಾತ್ರ ತಡಮಾಡದೆ ಹೋಗಿ.