ಪ್ಯಾಚ್ ರಿಗ್‌ಗೆ ಯಾವ ದ್ರಾವಕ: ಡಿಎಂಎಸ್‌ಒ, ಎಥನಾಲ್, ಸೈಕ್ಲೋಡೆಕ್ಸ್‌ಟ್ರಿನ್

ಪ್ಯಾಚ್ ರಿಗ್ ಅಂದರೆ ಒಂದೊಂದು ನರಕೋಶದ ವಿದ್ಯುತ್ ಕರೆಂಟನ್ನು ಅಳೆಯುವ ಸಜ್ಜು. ಅದರಲ್ಲಿ ನೀರಿನಲ್ಲಿ ಕರಗದ ಔಷಧವನ್ನು ಇಲಿಯ ಮೆದುಳಿನ ಸ್ಲೈಸ್ ಮೇಲೆ ಹಾಯಿಸಲು ಈ ಮೂರು ದ್ರಾವಕಗಳನ್ನೂ ಬಳಸಿ ನೋಡಿದ್ದೇವೆ. ನಮ್ಮ ಓಟು ಡಿಎಂಎಸ್‌ಒಗೆ (ಡೈಮೀಥೈಲ್ ಸಲ್ಫಾಕ್ಸೈಡ್), ಅದೂ 0.1% ಒಳಗಿದ್ದರೆ ಮಾತ್ರ.

ರಿಸೆಪ್ಟರ್ (ನರಕೋಶದ ಪೊರೆಯಲ್ಲಿ ರಾಸಾಯನಿಕ ಸಂಕೇತ ಹಿಡಿಯುವ ಪ್ರೋಟೀನ್) ಕೆಲಸಕ್ಕೆ ಎಥನಾಲ್, ಅಂದರೆ ಕುಡಿಯುವ ಆಲ್ಕೋಹಾಲ್, ಬೇಡ. 0.1% ಎಥನಾಲ್ ಅಂದರೆ ಸುಮಾರು 17 ಮಿಲಿಮೋಲಾರ್, 100 ಮಿಲಿಲೀಟರಿಗೆ 79 ಮಿಲಿಗ್ರಾಂ. ರಕ್ತದಲ್ಲಿ 30 ದಾಟಿದರೇ ಬೆಂಗಳೂರಿನ ಟ್ರಾಫಿಕ್ ಪೊಲೀಸರು ಗಾಡಿ ಹಿಡಿಯುತ್ತಾರೆ. ನಿಮ್ಮ ಸ್ಲೈಸ್ ಅದರ ಎರಡೂವರೆ ಪಟ್ಟು ಕುಡಿದಿರುತ್ತದೆ. 5ರಿಂದ 50 ಮಿಲಿಮೋಲಾರ್ ಎಥನಾಲ್ ಹಿಪ್ಪೋಕ್ಯಾಂಪಸ್ ನ್ಯೂರಾನ್‌ಗಳ ಎನ್‌ಎಂಡಿಎ (ನರಕೋಶವನ್ನು ಉದ್ರೇಕಿಸುವ ಒಂದು ರಿಸೆಪ್ಟರ್) ಕರೆಂಟನ್ನು ತಗ್ಗಿಸುವುದು 1989ರಲ್ಲೇ ಗೊತ್ತಾಗಿದೆ. ನರಕೋಶವನ್ನು ತಣಿಸುವ ಗ್ಲೈಸಿನ್ ರಿಸೆಪ್ಟರ್‌ನ ಕರೆಂಟನ್ನು ಅದೇ ಎಥನಾಲ್ ಹೆಚ್ಚಿಸುತ್ತದೆ. ಸಾಲದ್ದಕ್ಕೆ, ಕಾರ್ಬೋಜೆನ್ (ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಮಿಶ್ರಣ) ಗುಳ್ಳೆ ಬಿಡುವ ತೆರೆದ ಸಿರಿಂಜಿನಿಂದ ಆರಿಹೋಗುತ್ತಲೇ ಇರುತ್ತದೆ.

ಡಿಎಂಎಸ್‌ಒ ಕೂಡ ಸಾಧುವಲ್ಲ. ಇಲಿಯ ಡಾರ್ಸಲ್ ರೂಟ್ ಗ್ಯಾಂಗ್ಲಿಯಾನ್ (ಬೆನ್ನುಹುರಿಯ ಪಕ್ಕದ ನರಗಂಟು) ನ್ಯೂರಾನ್‌ಗಳಲ್ಲಿ ಅದು ಗಾಬಾ (ನರಕೋಶವನ್ನು ತಣಿಸುವ ರಾಸಾಯನಿಕ) ಕರೆಂಟನ್ನು ತಡೆಯುತ್ತದೆಂದು 1992ರಲ್ಲಿ, ಹಿಪ್ಪೋಕ್ಯಾಂಪಸ್‌ನಲ್ಲಿ ಎನ್‌ಎಂಡಿಎ ಮತ್ತು ಅದರಂಥದ್ದೇ ಇನ್ನೊಂದು ರಿಸೆಪ್ಟರ್ ಆದ ಆಂಪಾ ಕರೆಂಟುಗಳನ್ನು ಕುಗ್ಗಿಸುತ್ತದೆಂದು 2001ರಲ್ಲಿ ವರದಿಯಾಯಿತು. ಹಾಗಾಗಿ ಡಿಎಂಎಸ್‌ಒದಲ್ಲಿ ಔಷಧದ 10 ಮಿಲಿಮೋಲಾರ್ ಸ್ಟಾಕ್ (ಗಟ್ಟಿ ದ್ರಾವಣ) ಮಾಡಿ, 10 ಮಿಲಿಲೀಟರ್ ಎಸಿಎಸ್‌ಎಫ್‌ಗೆ (ಸ್ಲೈಸ್ ಮೇಲೆ ಹರಿಸುವ ಕೃತಕ ಮೆದುಳು ದ್ರವ) 10 ಮೈಕ್ರೋಲೀಟರ್ ಮಾತ್ರ ಹಾಕಿ. ಡೋಸ್ ಸರಣಿಯನ್ನು ಮೊದಲು ಡಿಎಂಎಸ್‌ಒದಲ್ಲೇ ತೆಳು ಮಾಡಿಕೊಳ್ಳಬೇಕು. ನೇರ ಎಸಿಎಸ್‌ಎಫ್‌ನಲ್ಲಿ ತೆಳು ಮಾಡಿದರೆ ಡೋಸ್ ಏರಿದಂತೆ ದ್ರಾವಕವೂ ಏರಿ, ಕರ್ವ್ ಔಷಧದ್ದೋ ದ್ರಾವಕದ್ದೋ ಎಂದೇ ತಿಳಿಯುವುದಿಲ್ಲ.

ಡಿಎಂಎಸ್‌ಒ ನೀರಿಗಿಂತ ಭಾರ. ಸ್ಟಿರರ್ ತಿರುಗದಿದ್ದರೆ ತಳಕ್ಕಿಳಿದು ಕೂರುತ್ತದೆ, ಔಷಧ ಅಲ್ಲೇ ಬಿಳಿ ಮಂಜಿನಂತೆ ಒಡೆಯುತ್ತದೆ. ಬೀಕರನ್ನು ಬೆಳಕಿಗೆ ಹಿಡಿದು ನೋಡಿ. ಆಸ್ಮೋಮೀಟರ್ (ದ್ರಾವಣದಲ್ಲಿ ಕರಗಿದ ಕಣಗಳ ಸಾಂದ್ರತೆ ಅಳೆಯುವ ಯಂತ್ರ) ಸುಮಾರು 14 ಅಂಕ ಹೆಚ್ಚು ತೋರಿಸಿದರೆ ನೀರು ಸೇರಿಸಿ ಸರಿಪಡಿಸಲು ಹೋಗಬೇಡಿ: ಡಿಎಂಎಸ್‌ಒ ಪೊರೆ ದಾಟಿ ಒಳಗೂ ಸೇರುತ್ತದೆ, ನೀವು ಸೇರಿಸಿದ ನೀರಿಗೆ ಜೀವಕೋಶ ಊದಿಕೊಳ್ಳುತ್ತದೆ. ಸ್ಟಾಕನ್ನು ಸೋಸಬೇಕಾದರೆ ಸೆಲ್ಯುಲೋಸ್ ಅಸಿಟೇಟ್ ಫಿಲ್ಟರ್ ಬೇಡ, ಕರಗುತ್ತದೆ, ಪಿಟಿಎಫ್‌ಇ ಹಾಕಿ.

ಸೈಕ್ಲೋಡೆಕ್ಸ್‌ಟ್ರಿನ್ (ಔಷಧವನ್ನು ಒಳಗಿಟ್ಟುಕೊಂಡು ನೀರಿನಲ್ಲಿ ಕರಗಿಸುವ ಸಕ್ಕರೆ ಉಂಗುರ) ಕೆಲವು ಔಷಧಗಳಿಗೆ ಒಳ್ಳೆಯದೇ. ಆದರೆ ಅದು ಪೊರೆಯಿಂದ ಕೊಲೆಸ್ಟ್ರಾಲ್ ಎಳೆಯುತ್ತದೆ, ಮೀಥೈಲ್ ಬೀಟಾ ಬಗೆಯದಂತೂ ವಿಪರೀತ. ನ್ಯೂರೋಸ್ಟೆರಾಯ್ಡ್‌ಗಳನ್ನೂ (ನರಕೋಶದ ಮೇಲೆ ಕೆಲಸ ಮಾಡುವ ಸ್ಟೆರಾಯ್ಡ್‌ಗಳು) ಹಿಡಿದಿಟ್ಟುಕೊಳ್ಳುತ್ತದೆ, ಗಾಬಾ-ಎ ರಿಸೆಪ್ಟರ್ ಮೇಲೆ ಸ್ಟೆರಾಯ್ಡ್ ಪರೀಕ್ಷಿಸುವವರು ದೂರವಿಡಲಿ.

ಡಿಸೆಂಬರ್ ಬೆಳಗ್ಗೆ ಡಿಎಂಎಸ್‌ಒ ಬಾಟಲಿ ಗಟ್ಟಿಯಾಗಿದ್ದರೆ ಕೆಟ್ಟಿದೆ ಅಂತ ಬಿಸಾಡಬೇಡಿ. 18.5 ಡಿಗ್ರಿಗೇ ಅದು ಹೆಪ್ಪುಗಟ್ಟುತ್ತದೆ. ಮುಚ್ಚಳ ಬಿಗಿ ಮಾಡಿ ಉಗುರುಬೆಚ್ಚಗಿನ ನೀರಲ್ಲಿಟ್ಟು, ಪೂರ್ತಿ ಕರಗಿದ ಮೇಲೆ ಅಲುಗಾಡಿಸಿ ತೆಗೆಯಿರಿ.