ಎರಡು ಮಳೆಗಾಲ ಕಳೆದ ಕಾರ್ಬನ್ ಟ್ರೇಲ್ ಬೈಕ್: ಫ್ರೇಮ್ ಗಟ್ಟಿ, ಬೇರಿಂಗಿನದ್ದೇ ಕಿರಿಕಿರಿ

ಗುಡ್ಡದ ದಾರಿಗೆಂದು ಮಾಡಿದ, ಕಾರ್ಬನ್ ಫೈಬರ್ ಫ್ರೇಮಿನ ಸೈಕಲ್ ಇದು. ಹಿಂದೆ 140 ಮಿ.ಮೀ., ಮುಂದೆ 150 ಮಿ.ಮೀ. ಟ್ರಾವೆಲ್ (ಸಸ್ಪೆನ್ಷನ್ ತಗ್ಗುವ ದೂರ), 29 ಇಂಚಿನ ಚಕ್ರ, 12 ಗೇರು. ಉಳಿದ ಲೆಕ್ಕವೆಲ್ಲ ಕಂಪನಿಯ ಕಾಗದದಲ್ಲಿದೆ. ಅದರಲ್ಲಿ ಬರೆಯದ ಮಾತೊಂದಿದೆ: ಕಾಸರಗೋಡಿನ ಮಳೆಗೆ ಕೆಳಗಿನ ಪಿವಟ್ (ಹಿಂದಿನ ಭಾಗ ಮೇಲೆ ಕೆಳಗೆ ಆಡುವ ಕೀಲು) ಬೇರಿಂಗ್ ಒಂದು ಮಳೆಗಾಲ ಪೂರ್ತಿ ಬಾಳುವುದಿಲ್ಲ. ಜೂನಿನಲ್ಲಿ ಹೊಸತಾಗಿದ್ದದ್ದು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕಿರುಗುಟ್ಟಲು ಶುರು, ನವರಾತ್ರಿ ಹೊತ್ತಿಗೆ ತುಕ್ಕು ಹಿಡಿದು ಬಿಗಿ. ಲಕ್ಷಗಟ್ಟಲೆ ಕೊಟ್ಟು ಕೊಂಡ ಬೈಕಿಗೆ ವಾರಂಟಿ ಕೇಳಿದರೆ "ಅದು ಸವೆಯುವ ಭಾಗ" ಎಂಬ ಉತ್ತರ. ಸವೆಯುವ ಭಾಗ ಹೌದು, ಆದರೆ ನಾಲ್ಕು ತಿಂಗಳಿಗೆ ಸವೆಯಬಾರದು.

ಕಾರಣ ಸರಳ. ಪಿವಟ್ ಬೇರಿಂಗ್ ಚಕ್ರದ ಬೇರಿಂಗಿನ ಹಾಗೆ ಸುತ್ತುವುದಿಲ್ಲ, ಕೆಲವೇ ಡಿಗ್ರಿ ಅತ್ತಿತ್ತ ಆಡುತ್ತದೆ. ಒಳಗಿನ ಗ್ರೀಸ್ ಹರಡುವುದಿಲ್ಲ, ಗುಂಡುಗಳು ಕೂತಲ್ಲೇ ಒತ್ತಿ ಒತ್ತಿ ರೇಸಿನಲ್ಲಿ (ಗುಂಡು ಓಡುವ ತೋಡಿನಲ್ಲಿ) ಗುಳಿ ಮಾಡುತ್ತವೆ. ಕೆಳಗಿನ ಈ ಮುಖ್ಯ ಪಿವಟ್ ಇರುವುದು ಬಾಟಮ್ ಬ್ರಾಕೆಟ್ಟಿನ (ಪೆಡಲಿನ ಅಚ್ಚು ಕೂರುವ ಗೂಡಿನ) ಪಕ್ಕ, ಚಕ್ರ ಎರಚುವ ಮುರಮಣ್ಣಿನ ನೀರೆಲ್ಲ ಬೀಳುವ ಜಾಗ. ಆ ನೀರು ಸೀಲಿನ ಅಂಚಿನಲ್ಲಿ ಒಣಗಿ ಹುಡಿಯಾದರೆ ಸಾಣೆಕಲ್ಲಿನ ಕೆಲಸ ಮಾಡುತ್ತದೆ.

ಬೇರಿಂಗ್ ಬೇಗ ಹಾಳಾಗಲು ಇಲ್ಲಿ ಇನ್ನೊಂದು ಕಾರಣವೂ ಇದೆ. ಅಡಿಕೆಗೆ ಬೋರ್ಡೋ ಮದ್ದು ಬಿಡುವ ಪವರ್ ಸ್ಪ್ರೇಯರ್ ತೋಟ ಇದ್ದವರ ಕೊಟ್ಟಿಗೆಯಲ್ಲಿ ಇದ್ದೇ ಇರುತ್ತದೆ. ಅದರ ಗನ್ ಹಿಡಿದು ಬೈಕು ತೊಳೆದರೆ ಎರಡು ನಿಮಿಷದಲ್ಲಿ ಫಳಫಳ. ಆದರೆ ಆ ಒತ್ತಡಕ್ಕೆ ನೀರು ಸೀಲು ದಾಟಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಪೈಪಿನಲ್ಲಿ ಉಳಿದ ಮದ್ದಿನ ಮೈಲುತುತ್ತು ಹಿಂಭಾಗದ ಕೀಲಿನ ಅಲ್ಯೂಮಿನಿಯಂ ಲಿಂಕನ್ನು ತಿನ್ನುತ್ತದೆ, ಅದು ಬೇರೆ.

ತೊಳೆಯಲು ಒಂದು ಬಕೆಟ್ ನೀರು, ಒಂದು ಚೆಂಬು, ಮೆದು ಬ್ರಷ್ ಸಾಕು. ಮಣ್ಣು ಹಸಿಯಿರುವಾಗಲೇ ಮೇಲಿನಿಂದ ಹೊಯ್ಯಬೇಕು. ಬಾಟಮ್ ಬ್ರಾಕೆಟ್ ಕೆಳಗೆ ನೀರು ಬಸಿಯುವ ಸಣ್ಣ ತೂತು ಇದ್ದರೆ ಅದು ಕೆಂಪು ಮಣ್ಣಿನಿಂದ ಮುಚ್ಚಿರುತ್ತದೆ, ಹಿಡಿಸೂಡಿಯ ಕಡ್ಡಿ ಚುಚ್ಚಿ ಬಿಡಿಸಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಡ್ರಾಪರ್ (ಓಡಿಸುತ್ತಲೇ ಸೀಟು ಏರಿಸಿ ಇಳಿಸುವ ಪೋಸ್ಟ್) ಕೇಬಲನ್ನು ಹ್ಯಾಂಡಲ್ ಕಡೆಯಿಂದ ಒಳಗೆ ದೂಡುತ್ತಾ ಸೀಟ್‌ಪೋಸ್ಟ್ ಮೇಲೆಳೆದು ಬೈಕನ್ನು ಬೋರಲು ಮಾಡಿ. ಒಳಗಿಂದ ಚಹಾದ ಬಣ್ಣದ ನೀರು ಇಳಿಯುತ್ತದೆ. ಪೋಸ್ಟ್ ಮತ್ತೆ ಹಾಕುವಾಗ ಗ್ರೀಸ್ ಬೇಡ, ಜಾರದಂತೆ ಹಿಡಿಯುವ ಕಾರ್ಬನ್ ಪೇಸ್ಟ್ ಹಚ್ಚಿ, ಕ್ಲ್ಯಾಂಪ್ ಮೇಲೆ ಬರೆದಷ್ಟೇ ಬಿಗಿ ಮಾಡಿ. ಸಾಮಾನ್ಯವಾಗಿ ಅದು 5 ನ್ಯೂಟನ್ ಮೀಟರ್ ಆಸುಪಾಸು. ಹಾಗೇ ಬಿಟ್ಟರೆ ಕಡಲ ಗಾಳಿಯ ಉಪ್ಪಿಗೆ ಅಲ್ಯೂಮಿನಿಯಂ ಪೋಸ್ಟ್ ಕಾರ್ಬನ್ ಒಳಗೆ ಕಚ್ಚಿಕೊಳ್ಳುತ್ತದೆ. ಕಾರ್ಬನ್ನಿಗೆ ತಾಗಿ ಕೂತ ಅಲ್ಯೂಮಿನಿಯಂ ಉಪ್ಪುನೀರು ಸಿಕ್ಕಿದರೆ ತಾನೇ ಕೊರೆದು ಹೋಗುತ್ತದೆ.

ಕಿರುಗುಟ್ಟುವ ಸದ್ದು ಎಲ್ಲಿಂದ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಪೆಡಲ್ ತುಳಿದಾಗ ಮಾತ್ರ ಬಂದರೆ ಬಾಟಮ್ ಬ್ರಾಕೆಟ್. ಎದ್ದು ತುಳಿದಾಗ ಸದ್ದು ನಿಂತರೆ ಸೀಟಿನದು. ತುಳಿಯದೆ ಕೂತು ಕುಪ್ಪಳಿಸಿದಾಗ ಬಂದರೆ ಪಿವಟ್ ಅಥವಾ ಶಾಕಿನ (ಹಿಂದಿನ ಶಾಕ್ ಅಬ್ಸಾರ್ಬರಿನ) ಬುಶ್. ಶಾಕಿನ ಒಂದು ಬೋಲ್ಟ್ ಬಿಚ್ಚಿ ಹಿಂದಿನ ಭಾಗವನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿದರೆ ತಿಳಿಯುತ್ತದೆ: ಒಳ್ಳೆಯ ಬೇರಿಂಗ್ ಆದರೆ ತನ್ನ ಭಾರಕ್ಕೇ ಇಳಿಯುತ್ತದೆ, ಹೋದದ್ದಾದರೆ ಮರಳು ಅರೆದ ಹಾಗೆ ಕೈಗೆ ಸಿಗುತ್ತದೆ.

ಬೇರಿಂಗನ್ನು ಕಂಪನಿಯಿಂದಲೇ ತರಿಸಬೇಕಾಗಿಲ್ಲ. ಸೀಲಿನ ಮೇಲೆ ನಂಬರ್ ಇರುತ್ತದೆ. ಈ ಬೈಕಿನ ಮುಖ್ಯ ಪಿವಟ್‌ನಲ್ಲಿರುವುದು 6902, ಅಂದರೆ ಒಳಗೆ 15, ಹೊರಗೆ 28, ದಪ್ಪ 7 ಮಿ.ಮೀ. ಪಂಪ್‌ಸೆಟ್ಟಿನ ಬೇರಿಂಗ್ ಮಾರುವ ಅಂಗಡಿಯಲ್ಲಿ ಕೇಳಿದರೆ ಸಿ3 ಎಂದು ಬರೆದದ್ದು ಕೊಟ್ಟಾರು, ಬೇಡ. ಮೋಟರಿನ ಬಿಸಿಗೆಂದು ಒಳಗೆ ಸಡಿಲ ಬಿಟ್ಟ ಬೇರಿಂಗ್ ಅದು, ಪಿವಟ್‌ನಲ್ಲಿ ಆಟ ಬರುತ್ತದೆ. ಎರಡೂ ಕಡೆ ರಬ್ಬರ್ ಸೀಲ್ ಇರಬೇಕು. ಸಿಕ್ಕಿದರೆ ಗುಂಡುಗಳ ನಡುವೆ ಅಂತರ ಇಡುವ ಕೇಜ್ ಇಲ್ಲದೆ ತುಂಬ ಗುಂಡು ಹಾಕಿದ್ದನ್ನೇ ತನ್ನಿ, ಭಾರ ತಡೆಯುತ್ತದೆ.

ಹೊಸತನ್ನು ಹಾಗೇ ಕೂರಿಸಬೇಡಿ. ತೆಳು ಬ್ಲೇಡಿನಿಂದ ಸೀಲು ಎಬ್ಬಿಸಿ, ಒಳಗೆ ಪೂರ್ತಿ ಗ್ರೀಸ್ ತುಂಬಿ. ವೇಗವಾಗಿ ಸುತ್ತುವ ಬೇರಿಂಗಿಗೆ ಇಷ್ಟು ತುಂಬಬಾರದು, ಪಿವಟ್‌ಗೆ ತುಂಬಲೇಬೇಕು. ಮೀನುಗಾರಿಕೆ ಬೋಟಿನವರು ಬಳಸುವ ಮರೀನ್ ಗ್ರೀಸ್ ಇದಕ್ಕೆ ಹೇಳಿ ಮಾಡಿಸಿದ್ದು. ಕೂರಿಸುವಾಗ ಸುತ್ತಿಗೆ ಮುಟ್ಟಲೇಬಾರದು. ಉದ್ದ ಬೋಲ್ಟು, ಎರಡು ವಾಷರ್, ಬೇರಿಂಗಿನ ಹೊರ ಬಳೆಯನ್ನು ಮಾತ್ರ ಒತ್ತುವ ಸಾಕೆಟ್, ಇಷ್ಟರಿಂದ ನಿಧಾನ ಒಳಗೆಳೆಯಬಹುದು. ಒಳ ಬಳೆ ಒತ್ತಿದರೆ ಹೊಸ ಬೇರಿಂಗ್ ಕೂರುವ ಮೊದಲೇ ಹಾಳು. ವಾಷರುಗಳ ಕ್ರಮ ಬಿಚ್ಚುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಇಷ್ಟೆಲ್ಲ ದೂರಿದ ಮೇಲೂ ಬೈಕು ಮಾರುವ ಯೋಚನೆ ಬರುವುದಿಲ್ಲ. ಕಾಸರಗೋಡಿನ ಪೊಸಡಿಗುಂಪೆಯಂಥ ಗುಡ್ಡೆಯ ಮುರಕಲ್ಲು ಬಂಡೆಯೆಂದರೆ ಜೇನುಗೂಡಿನ ಹಾಗೆ ತೂತು ತೂತು, ಚೂಪು ಅಂಚು, ನಡುವೆ ಮುಳಿಹುಲ್ಲು. ಸಸ್ಪೆನ್ಷನ್ ಇಲ್ಲದ ಬೈಕಿನ ಹಿಂದಿನ ಚಕ್ರ ಅಲ್ಲಿ ಏರುವಾಗ ನೆಗೆದು ನೆಗೆದು ಹಿಡಿತ ಬಿಡುತ್ತದೆ. ಇದರದ್ದು ಅಂಟಿಕೊಂಡೇ ಹತ್ತುತ್ತದೆ. ಏರಿನಲ್ಲಿ ಇಷ್ಟು ಸುಖ ಕೊಡುವ ಬೈಕು ಎಂದು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ಪೂರ್ತಿ ಒತ್ತಿದರೆ 55 ಮಿ.ಮೀ. ತಗ್ಗುವ ಶಾಕಿಗೆ ಸವಾರ ಕೂತಾಗ 16 ಮಿ.ಮೀ. ತಗ್ಗುವಷ್ಟು ಗಾಳಿ, 70 ಕೆ.ಜಿ. ಸವಾರನಿಗೆ ಟೈರಿನಲ್ಲಿ ಮುಂದೆ 22, ಹಿಂದೆ 25 ಪಿಎಸ್ಐ: ಇಲ್ಲಿಗೆ ಇದು ಸರಿ. ಟೈರಿಗೆ ಸೀಲೆಂಟ್ (ತೂತು ಮುಚ್ಚುವ ದ್ರವ) ತಲಾ 100 ಮಿ.ಲೀ. ಹೆಚ್ಚಿನ ಸೀಲೆಂಟುಗಳು ರಬ್ಬರ್ ಹಾಲಿನವೇ, ಏಪ್ರಿಲ್ ಸೆಕೆಗೆ ಎರಡು ತಿಂಗಳಲ್ಲಿ ಒಣಗಿ ಉಂಡೆಯಾಗುತ್ತವೆ. ಬ್ರೇಕ್ ಪ್ಯಾಡ್ ಮಳೆಗಾಲಕ್ಕೆ ಸಿಂಟರ್ಡ್ (ಲೋಹದ ಹುಡಿ ಒತ್ತಿ ಮಾಡಿದ್ದು) ಮಾತ್ರ.

ಈಗ ಕೊಳ್ಳುವವರು ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: ಬೇರಿಂಗ್ ಕೂರುವುದು ಕಾರ್ಬನ್ ಮೇಲೆ ನೇರವಾಗಿಯೋ, ಲೋಹದ ಬಳೆಯ ಒಳಗೋ? ನೇರವಾಗಿದ್ದರೆ ಆ ತೂತು ಸವೆದ ದಿನ ರಿಪೇರಿ ಬಹಳ ಕಷ್ಟ. ಹಣ ಬಿಗಿಯಿದ್ದರೆ ಅದೇ ಮಾದರಿಯ ಅಲ್ಯೂಮಿನಿಯಂ ಫ್ರೇಮ್ ಕೊಳ್ಳಿ. ಹೆಚ್ಚುವ ಭಾರ ಅರ್ಧ ಕೆ.ಜಿ.ಯಿಂದ ಒಂದು ಕೆ.ಜಿ., ಉಳಿದ ಹಣ ಶಾಕಿನ ಸರ್ವಿಸಿಗೆ ಆಗುತ್ತದೆ. ಯಾವುದೇ ಕೊಂಡರೂ ಪಿವಟ್‌ಗೆ ವರ್ಷಕ್ಕೆ ಎರಡು ಸಲ ಗ್ರೀಸ್: ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ) ಮೊದಲು ಒಮ್ಮೆ, ದೀಪಾವಳಿ ಕಳೆದು ಮಣ್ಣು ಒಣಗಿದ ಮೇಲೆ ಇನ್ನೊಮ್ಮೆ.